ಮೂವತ್ತೊಂದು ಇಳಿಜಾರು

ಆಸ್ಪತ್ರೆಯಿಂದ ಮನೆಗೆ ಬಂದ ಇಪ್ಪತ್ತನೆಯ ದಿನ ಮೇಸ್ತ್ರಿಯ ಹೆಂಡತಿ ವಾಕರ್ ಹಿಡಿದುಕೊಂಡು ಬೀದಿಬಾಗಿಲತನಕ ಬಂದಳು. ಮುರಿದ ಸೊಂಟದ ಮೂಳೆಗೆ ಒಳಗೆ ಸಲಾಕೆ ಕೂರಿಸಿದ್ದರು. ದಿನಕ್ಕೆ ಎರಡು ಸಲ ನಡೆಯಲೇಬೇಕು, ಇಲ್ಲದಿದ್ದರೆ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಅವಳು ಹೊಸ್ತಿಲಲ್ಲಿ ನಿಂತು ಬೀದಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು.

"ನಡೀಬೇಕಂತೆ," ಎಂದಳು. "ಎಲ್ಲಿ ನಡೀಲಿ? ನಿಮ್ಮ ತಲೆ ಮೇಲಾ?"

ಮೇಸ್ತ್ರಿ ಹಿಂದೆಯೇ ನಿಂತಿದ್ದ. ಎಪ್ಪತ್ತೆರಡರ ಆ ಮನುಷ್ಯ ಎದುರು ಮಾತಾಡುವುದರಲ್ಲಿ ಎತ್ತಿದ ಕೈ. ಆದರೆ ಹೆಂಡತಿ ಬಿದ್ದಂದಿನಿಂದ ಮನೆಯೊಳಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಆ ಬೀದಿಯಲ್ಲಿ ನಲವತ್ತು ಮನೆ. ಎರಡೂ ಬದಿಗೆ ಚರಂಡಿ, ಚರಂಡಿಯ ಮೇಲೆ ಚಪ್ಪಡಿ, ಅದೇ ಫುಟ್‌ಪಾತ್. ಒಂದೊಂದೇ ಮನೆಗೆ ಕಾರು ಬಂದಂತೆ ಗೇಟಿನಿಂದ ರಸ್ತೆಗೆ ಕಾರು ಇಳಿಸಲು ಒಂದೊಂದು ಸಿಮೆಂಟಿನ ಇಳಿಜಾರು ಬಂತು. ಒಬ್ಬರದು ಮೊಣಕಾಲೆತ್ತರ, ಇನ್ನೊಬ್ಬರದು ಅದಕ್ಕಿಂತ ಒಂದು ಗೇಣು ಹೆಚ್ಚು. ಫುಟ್‌ಪಾತಿನ ಮೇಲೆ ಹೋಗಬೇಕಾದರೆ ಹತ್ತು ಹೆಜ್ಜೆಗೊಮ್ಮೆ ದಿಬ್ಬ ಹತ್ತಿ ಇಳಿಯಬೇಕು. ಕಾಲಲ್ಲಿ ಕಸುವಿದ್ದವರು ಹಾರಿಕೊಂಡು ಹೋದರು. ವಯಸ್ಸಾದವರು ಜೀವ ಕೈಯಲ್ಲಿ ಹಿಡಿದುಕೊಂಡು ರಸ್ತೆಗಿಳಿದರು. ಮೇಸ್ತ್ರಿಯ ಹೆಂಡತಿಯೂ ಹಾಗೇ ಇಳಿದಿದ್ದಳು. ಒಂದು ಸ್ಕೂಟರಿನ ಕನ್ನಡಿ ಅವಳ ಕೈಚೀಲಕ್ಕೆ ಸಿಕ್ಕಿಕೊಂಡು, ಹಲ್ಲಿನ ಡಾಕ್ಟರ ಗೇಟಿನ ಮುಂದೆ ಅವಳನ್ನು ಎಳೆದು ಕೆಡವಿತು. ತಲೆ ಹೋಗಿ ಬಡಿದದ್ದು ಅವರ ಇಳಿಜಾರಿನ ಅಂಚಿಗೆ. ಅಂಚನ್ನು ಕರಣೆಯಿಂದ ನಯವಾಗಿ ಗುಂಡಗೆ ಮಾಡಿದ್ದರಿಂದ ತಲೆ ಒಡೆಯಲಿಲ್ಲ, ಎಷ್ಟಾದರೂ ಮೇಸ್ತ್ರಿಯ ಕೈಕೆಲಸ ಎಂದು ಯಾರೋ ಸಮಾಧಾನ ಹೇಳಿದ್ದರು.

ಹೌದು, ಅದನ್ನು ಕಟ್ಟಿದವನು ಅವನೇ. ಬೀದಿಯ ಮೂವತ್ತೈದು ಇಳಿಜಾರುಗಳಲ್ಲಿ ಮೂವತ್ತೊಂದನ್ನು ಕಟ್ಟಿದವನು ಅವನೇ.

"ಅಲ್ಲಿ ನೋಡಿ, ನಿಮ್ಮ ಸಾಲು," ಎಂದು ಅವಳು ವಾಕರ್ ತಿರುಗಿಸಿದಳು. "ಚೆನ್ನಾಗಿ ಕಾಣುತ್ತೆ. ಇನ್ನು ನನ್ನನ್ನ ಒಳಗೇ ಹೂತುಬಿಡಿ."

ಮುಂದಿನ ವಾರ ನಗರಸಭೆಯಿಂದ ಚೀಟಿ ಬಂತು. ವಯಸ್ಸಾದವರು ನಿರಾತಂಕವಾಗಿ ನಡೆಯುವಂತೆ ಊರಿನ ಐದು ಬೀದಿಗಳನ್ನು ಸರಿಪಡಿಸುತ್ತಾರಂತೆ, ಅದರಲ್ಲಿ ಇದೂ ಒಂದಂತೆ. ಗೇಟಿನಿಂದ ಆಚೆಗಿರುವ ಎಲ್ಲ ಕಟ್ಟಡವನ್ನೂ ಹದಿನೈದು ದಿನದಲ್ಲಿ ತೆಗೆಯಬೇಕು, ಕಾರಿಗೆ ಇಳಿಜಾರು ಬೇಕಾದರೆ ಗೇಟಿನ ಒಳಗೆ ಮಾಡಿಕೊಳ್ಳಬೇಕು. ಗೇಟಿನ ಒಳಗೆ ಕಾರು ನಿಲ್ಲುವಷ್ಟು ಬಿಟ್ಟರೆ ಯಾರ ಮನೆಯಲ್ಲೂ ಒಂದು ಅಡಿ ಜಾಗ ಇರಲಿಲ್ಲ. ಉಳಿದ ಜಾಗಕ್ಕೆಲ್ಲ ಎಲ್ಲರೂ ಕಾಂಪೌಂಡಿನತನಕ ಮನೆ ಎಳೆದಿದ್ದರು. ಬೀದಿಗೆ ಬೀದಿಯೇ ಕೆಂಡವಾಯಿತು.

ಸಭೆ ಸೇರಿದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ. ಗೋಡೆಯ ಮೇಲೆ ಸೀಳಿ ತೋರಿಸಿದ ದವಡೆಹಲ್ಲಿನ ದೊಡ್ಡ ಚಿತ್ರ. ಅದರ ಕೆಳಗೆ ಡಾಕ್ಟರು, ಪಕ್ಕದಲ್ಲಿ ಮೇಸ್ತ್ರಿಯ ತಮ್ಮ. ತಮ್ಮನದು ಡ್ರೈವಿಂಗ್ ಸ್ಕೂಲು. ಬೀದಿಯಲ್ಲೇ ಅತಿ ಅಗಲದ ಇಳಿಜಾರು ಅವನ ಮನೆ ಮುಂದಿನದು. ಕಲಿಯುವವರ ಎರಡು ಕಾರುಗಳು ಅದರ ಮೇಲೆ ಯಾವಾಗಲೂ ಅಕ್ಕಪಕ್ಕ ನಿಂತಿರುತ್ತಿದ್ದವು. ಮೇಸ್ತ್ರಿಗೆ ಬಾಗಿಲ ಹತ್ತಿರ ಒಂದು ಸ್ಟೂಲು ಹಾಕಿಕೊಟ್ಟರು.

"ಮೇಸ್ತ್ರಿ, ನೀವು ಒಂದು ಮಾತು ಬರೆದುಕೊಟ್ಟರೆ ಸಾಕು," ಎಂದರು ಡಾಕ್ಟರು. ಕಾಗದ ಮೊದಲೇ ಸಿದ್ಧವಾಗಿತ್ತು. "ಇಳಿಜಾರು ಒಡೆದರೆ ಕೆಳಗಿನ ಚರಂಡಿ ಕುಸಿಯುತ್ತೆ, ಕಾಂಪೌಂಡು ಬಿರುಕು ಬಿಡುತ್ತೆ ಅಂತ. ಕಟ್ಟಿದವರೇ ಹೇಳಿದ ಮೇಲೆ ನಗರಸಭೆಯವರು ಏನು ಮಾಡೋಕಾಗುತ್ತೆ?"

ಮೇಸ್ತ್ರಿ ಕಾಗದ ಓದಿ ಮಡಿಸಿದ. "ಸುಳ್ಳು ಇದು. ಚರಂಡಿಯ ಚಪ್ಪಡಿ ಬೇರೆ, ಇಳಿಜಾರು ಬೇರೆ. ನಡುವೆ ಮರಳು ಹಾಕಿದ್ದೀನಿ. ಗೊತ್ತಿರೋನು ಕೈ ಹಾಕಿದ್ರೆ ಅರ್ಧ ದಿನಕ್ಕೆ ಒಂದು ಬಿಡಿಸಬಹುದು."

"ಬಿಡಿಸಬಹುದು ಅಂತ ನಾವು ಕೇಳಿದ್ವಾ?" ಎಂದು ತಮ್ಮ ಎದ್ದು ನಿಂತ. "ನಿನ್ನ ಕೇಳಿದ್ದು ಸಹಿ."

"ಸುಳ್ಳಿಗೆ ಸಹಿ ಹಾಕಲ್ಲ."

"ಓಹೋ! ಕಟ್ಟುವಾಗ ಇರಲಿಲ್ಲ ಈ ಸತ್ಯ. ಮನೆಮನೆಗೆ ಹೋಗಿ, ನಿಮ್ಮದು ತಗ್ಗಾಯ್ತು, ಪಕ್ಕದವರದು ಎತ್ತರ ಇದೆ ಅಂತ ಆಸೆ ಹುಟ್ಟಿಸಿದೋನು ಯಾರು? ಅತ್ತಿಗೆ ಬಿದ್ದ ಮೇಲೆ ಜ್ಞಾನೋದಯ ಆಯ್ತಾ?" ತಮ್ಮ ಸುತ್ತ ಕೂತವರ ಕಡೆ ತಿರುಗಿದ. "ಅತ್ತಿಗೆ ಕಣ್ಣು ಬಿಟ್ಟುಕೊಂಡು ನಡೆದಿದ್ರೆ ಬೀಳ್ತಿರಲಿಲ್ಲ. ಅವರು ಬಿದ್ದರು ಅಂತ ನಾವೆಲ್ಲ ಕಾರು ಹೊತ್ತುಕೊಂಡು ಹೋಗಬೇಕಾ?"

ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ಆ ನಗುವನ್ನು ಕೇಳಿದ. ಯಾರು ನಕ್ಕದ್ದು ಎಂದು ತಿರುಗಿ ನೋಡಲಿಲ್ಲ. ನೋಡಿದರೆ ಆ ಮುಖ ಸಾಯುವತನಕ ಕಣ್ಣಲ್ಲಿ ಉಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಕಾಗದವನ್ನು ಸ್ಟೂಲಿನ ಮೇಲಿಟ್ಟು ಎದ್ದು ಬಂದ.

ಮರುದಿನ ಬೆಳಗ್ಗೆ ಅಳತೆಗೆ ಬಂದ ನಗರಸಭೆಯ ಇಂಜಿನಿಯರಮ್ಮನ ಹಿಂದೆ ಅವನು ಹೋಗಿ ನಿಂತ. ತೆಳ್ಳಗಿನ, ಸದಾ ಮುಖ ಗಂಟಿಕ್ಕಿಕೊಂಡ ಹೆಂಗಸು. ಅಳೆಯುವ ಚಕ್ರವನ್ನು ಇಳಿಜಾರು ಹತ್ತಿಸಿ ಇಳಿಸಿ ಅವಳ ತೋಳು ಸೋತಿತ್ತು.

"ಮೇಡಂ, ಇದನ್ನ ಒಡೆಯೋಕೆ ಬರೋರಿಗೆ ಚಪ್ಪಡಿ ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗಲ್ಲ. ಎಲ್ಲಾ ಪುಡಿ ಮಾಡ್ತಾರೆ. ನನ್ನ ಜೊತೆಗಿಟ್ಕೊಳ್ಳಿ."

"ನೀವು ಯಾರು?"

"ಇವನ್ನ ಕಟ್ಟಿದೋನು."

ಅವಳು ಚಕ್ರ ನಿಲ್ಲಿಸಿದಳು. "ಯಾರ ಅನುಮತಿ ತಗೊಂಡು ಕಟ್ಟಿದ್ರಿ?"

"ಯಾರದೂ ಇಲ್ಲ."

"ಹಾಗಾದ್ರೆ ನಿಮ್ಮ ಮೇಲೇ ದೂರು ಬರೀಬಹುದು ನಾನು."

"ಬರೀರಿ. ಮೂವತ್ತೊಂದು ಅಂತ ಸರಿಯಾಗಿ ಬರೀರಿ. ಉಳಿದ ನಾಲ್ಕು ನನ್ನವಲ್ಲ, ಅವು ಒದ್ದರೆ ಬೀಳ್ತವೆ. ಅವಕ್ಕೆ ನನ್ನ ಹೆಸರು ಸೇರಿಸಬೇಡಿ."

ಅವಳು ನಗಲಿಲ್ಲ. ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಸೋಮವಾರ ಎಂಟು ಗಂಟೆ. ತಡ ಮಾಡಿದ್ರೆ ಬೇರೆಯವರನ್ನ ನೋಡ್ಕೋತೀನಿ," ಎಂದು ಚಕ್ರ ತಳ್ಳಿಕೊಂಡು ಹೋದಳು.

ಸೋಮವಾರ ಮೇಸ್ತ್ರಿ ಮೊದಲು ಒಡೆದದ್ದು ತನ್ನದೇ ಮನೆಯ ಮುಂದಿನ ಕಟ್ಟೆಯನ್ನು. ಅವನಿಗೆ ಕಾರಿರಲಿಲ್ಲ, ಆದರೆ ಬಾಗಿಲ ಕೆಳಗೆ ಫುಟ್‌ಪಾತಿನ ಮೇಲೆ ಎರಡು ಮೆಟ್ಟಿಲು, ಪಕ್ಕದಲ್ಲಿ ಕೂರಲು ಕಟ್ಟೆ ಇದ್ದವು. ಹೆಂಡತಿ ಸಂಜೆ ಅಲ್ಲೇ ಕೂತು ಬೀದಿಯವರ ಜೊತೆ ಮಾತಾಡುತ್ತಿದ್ದಳು. ಸುತ್ತಿಗೆಯ ಸದ್ದಿಗೆ ಅವಳು ಕಿಟಕಿಗೆ ಬಂದಳು.

"ಅದೊಂದು ಉಳಿದಿತ್ತು ನನಗೆ. ಅದನ್ನೂ ಕಿತ್ತಿರಾ?"

"ಬಾಗಿಲೊಳಗೆ ನೆಲ ತಗ್ಗಿಸಿ ಮಾಡಿಕೊಡ್ತೀನಿ. ಅಗಲ ಮೆಟ್ಟಿಲು, ಹಿಡ್ಕೊಳ್ಳೋಕೆ ಪೈಪು."

"ನೀವು ಮಾಡಿಕೊಟ್ಟಿದ್ದು ಸಾಕಾಗಿದೆ," ಎಂದು ಅವಳು ಕಿಟಕಿ ಮುಚ್ಚಿದಳು. ಆದರೂ ಅವನು ಎರಡು ದಿನದಲ್ಲಿ ಒಳಗಿನ ಮೆಟ್ಟಿಲು ಕಟ್ಟಿದ. ಒಂದೊಂದೂ ನಾಲ್ಕೇ ಬೆರಳಿನ ಎತ್ತರ. ಒದ್ದೆಯಿದ್ದರೂ ಜಾರದ ಹಾಗೆ ಮೇಲ್ಮೈಗೆ ಪೊರಕೆಯಿಂದ ಗೀರು ಎಳೆದ.

ಆಮೇಲೆ ಸಾಲಿನ ಕೆಲಸ ಶುರುವಾಯಿತು. ನಗರಸಭೆಯ ನಾಲ್ಕು ಆಳುಗಳು, ಒಂದು ಒಡೆಯುವ ಯಂತ್ರ, ಉಳಿ ಹಿಡಿದ ಮೇಸ್ತ್ರಿ. ಚಪ್ಪಡಿಯ ಅಂಚು ಎಲ್ಲಿದೆ ಎಂದು ಅವನು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ, ಆಳುಗಳು ಗೆರೆಯ ಹೊರಗೆ ಒಡೆಯುತ್ತಿದ್ದರು. ಮೂರನೆಯ ಮನೆಯಲ್ಲಿ ಯಂತ್ರದ ಮೊನೆಯೇ ಮುರಿಯಿತು.

"ಏನು ಹಾಕಿ ಕಟ್ಟಿದ್ದೀರಜ್ಜ ಇದನ್ನ?" ಎಂದು ಆಳೊಬ್ಬ ಬೆವರು ಒರೆಸಿಕೊಳ್ಳುತ್ತ ಬೈದ. "ಕಾರು ಹತ್ತೋಕಾ, ಆನೆ ಹತ್ತೋಕಾ?"

ಮೇಸ್ತ್ರಿಗೆ ಒಳಗೊಳಗೇ ಹೆಮ್ಮೆಯಾಯಿತು. ಹೆಮ್ಮೆಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಬೀದಿ ಸುಮ್ಮನಿರಲಿಲ್ಲ. ಅವನು ಕುಕ್ಕರಗಾಲಲ್ಲಿ ಕೂತು ಉಳಿ ಹೊಡೆಯುವ ಜಾಗಕ್ಕೆ ಮಹಡಿಯಿಂದ ಯಾರೋ ಬಟ್ಟೆ ಒಗೆದ ನೀರು ಸುರಿದರು. ಹಾಲು ಹಾಕುವವನು ಅವನ ಮನೆ ಮುಂದೆ ನಿಲ್ಲಿಸದೆ ಹೋಗತೊಡಗಿದ. ಕೇಳಿದರೆ, "ಉಳಿದವರು ಬೇಡ ಅಂತಾರೆ, ನಾನು ಹೊಟ್ಟೆಪಾಡಿನವನು," ಎಂದ. ಮೂವತ್ತು ವರ್ಷ ಸಿಕ್ಕಲ್ಲಿ ನಿಲ್ಲಿಸಿ ಗೋಡೆಯ ಬಿರುಕು ತೋರಿಸುತ್ತಿದ್ದವರು ಅವನನ್ನು ಕಂಡರೆ ಮುಖ ತಿರುಗಿಸಿದರು. ಒಂದು ಬೆಳಗ್ಗೆ ಎದ್ದು ನೋಡಿದರೆ ಅವನ ಗೋಡೆಯ ಮೇಲೆ ಇದ್ದಲಿನಿಂದ ಮೊಳದುದ್ದದ ಅಕ್ಷರಗಳಲ್ಲಿ 'ಮನೆಮುರುಕ' ಎಂದು ಬರೆದಿತ್ತು.

ಹೆಂಡತಿ ಕಿಟಕಿಯಿಂದ ಬಗ್ಗಿ ಓದಿದಳು. "ಅಕ್ಷರ ದುಂಡಗಿದೆ. ಓದಿದೋರೇ ಬರೆದಿರೋದು," ಎಂದಳು. ಅಳಿಸಲು ಅವನು ನೀರು ತಂದಾಗ, "ಇರಲಿ ಬಿಡಿ," ಎಂದಳು. "ಯಾವ ಮನೆ ಅಂತ ಹುಡುಕ್ಕೊಂಡು ಬರೋರಿಗೆ ಗುರುತಾಯ್ತು." ಬಿದ್ದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ಆದರೂ ಅವಳ ದನಿಯಲ್ಲಿ ಅವನಿಗೆ ಕ್ಷಮೆಯೇನೂ ಕೇಳಿಸಲಿಲ್ಲ.

ಹಲ್ಲಿನ ಡಾಕ್ಟರು ವಕೀಲರ ಕಾಗದ ಹಿಡಿದು ನಿಂತರು. ಇಂಜಿನಿಯರಮ್ಮ ತನ್ನ ಕಾಗದ ತೋರಿಸಿದಳು. ಅವಳ ಕಾಗದದಲ್ಲಿ ಮೊಹರು ಹೆಚ್ಚಿತ್ತು. ಡಾಕ್ಟರ ಇಳಿಜಾರು ಮಧ್ಯಾಹ್ನದೊಳಗೆ ಹೋಯಿತು. ಒಂದೊಂದಾಗಿ ಎಲ್ಲ ಹೋಗಿ, ಕೊನೆಗೆ ಉಳಿದದ್ದು ತಮ್ಮನದು.

ಅವತ್ತು ಬೆಳಗ್ಗೆ ಎಂಟಕ್ಕೇ ಎರಡು ಕಾರುಗಳು ಇಳಿಜಾರಿನ ಮೇಲೆ ನಿಂತಿದ್ದವು. ಒಂದರಲ್ಲಿ ಯಾರೂ ಇರಲಿಲ್ಲ. ಆಳುಗಳು ಅದನ್ನು ಸುಲಭವಾಗಿ ತಳ್ಳಿ ರಸ್ತೆಗಿಳಿಸಿದರು. ಇನ್ನೊಂದರಲ್ಲಿ ತಮ್ಮ ಕೂತಿದ್ದ, ಡ್ರೈವರ್ ಸೀಟಿನಲ್ಲಲ್ಲ, ಅದರ ಪಕ್ಕದ ಕಲಿಸುವವನ ಸೀಟಿನಲ್ಲಿ. ಕಲಿಯುವವರು ತಪ್ಪಿದರೆ ಕಾರು ನಿಲ್ಲಿಸಲು ಅಲ್ಲಿ ಇನ್ನೊಂದು ಬ್ರೇಕು ಇರುತ್ತದೆ. ಅದನ್ನು ಬಲವಾಗಿ ತುಳಿದು, ಎದೆಯ ಮೇಲೆ ಕೈ ಕಟ್ಟಿಕೊಂಡು ಕೂತಿದ್ದ. ನಾಲ್ಕು ಜನ ಹಿಂದಿನಿಂದ ತಳ್ಳಿದರೂ ಕಾರು ಅಲುಗಿತೇ ಹೊರತು ಚಲಿಸಲಿಲ್ಲ.

ಮೇಸ್ತ್ರಿ ಹೋಗಿ ಕಿಟಕಿಯ ಗಾಜು ತಟ್ಟಿದ. ತಮ್ಮ ನಾಲ್ಕು ಬೆರಳಷ್ಟು ಇಳಿಸಿದ.

"ಇಳಿ."

"ಇಳಿಯಲ್ಲ. ಒಡೀಬೇಕು ಅಂದ್ರೆ ನನ್ನ ಸೇರಿಸಿ ಒಡಿ."

"ನಾಚಿಕೆ ಆಗಲ್ವಾ ನಿನಗೆ? ಅಮ್ಮ ಈ ಬೀದೀಲಿ ಆ ತುದಿತನಕ ನಡೀತಿದ್ಲು. ಗೋಡೆ ಹಿಡ್ಕೊಂಡು ನಡೀತಿದ್ಲು. ಈ ಇಳಿಜಾರು ಬಂದ ಮೇಲೆ ನಿಲ್ಲಿಸಿದ್ಲು. ನಿನ್ನ ಮನೇಲಿ ಆರು ವರ್ಷ ಒಳಗೇ ಕೂತಿದ್ದು ಹೋದ್ಲು."

ತಮ್ಮ ಗಾಜನ್ನು ಪೂರ್ತಿ ಇಳಿಸಿದ. ಅವನ ಮುಖ ಕೆಂಪಾಗಿತ್ತು, ಆದರೆ ದನಿ ಎತ್ತರಿಸಲಿಲ್ಲ.

"ನೀನು ಕಟ್ತಾ ಇದ್ದಾಗ ಅಮ್ಮ ಆ ಕಿಟಕೀಲಿ ಕೂತಿದ್ಲು, ನೆನಪಿದೆಯಾ? 'ಇದನ್ನ ನಾನು ಹೇಗೆ ದಾಟಲೋ' ಅಂತ ಕೇಳಿದ್ಲು. ನನ್ನ ಅಲ್ಲ, ನಿನ್ನ. ನೀನು ಕರಣೆ ಕೆಳಗಿಡಲಿಲ್ಲ, ತಲೆಯೂ ಎತ್ತಲಿಲ್ಲ. ಏನಂದೆ ಹೇಳು."

ಮೇಸ್ತ್ರಿ ಉಳಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ನಾನು ಹೇಳಲಾ? 'ನಿನಗಿನ್ನು ಬೀದೀಲಿ ಏನಮ್ಮ ಕೆಲಸ' ಅಂದೆ. ಆ ಮಾತಿಗೆ ಅಮ್ಮ ಆರು ವರ್ಷ ಹೊರಗೆ ಕಾಲಿಡಲಿಲ್ಲ. ಈಗ ಹೆಂಡತಿ ಅಂತ ಬಂದಾಗ ಉಳಿ ಎತ್ಕೊಂಡು ಬಂದಿದ್ದೀಯ. ಹೋಗು, ಹೋಗು."

ಅಷ್ಟೂ ಜನ ಕೇಳಿಸಿಕೊಂಡಿದ್ದರು. ಮಾತು ನಿಜವಾಗಿತ್ತು. ಅವನು ಅದನ್ನು ಮರೆತಿರಲಿಲ್ಲ, ನೆನಪಿಟ್ಟುಕೊಂಡೂ ಇರಲಿಲ್ಲ. ಕೆಲಸದ ನಡುವೆ ಆಡಿದ ಎಷ್ಟೋ ಮಾತುಗಳ ಜೊತೆ ಬಿದ್ದಿತ್ತು ಅಷ್ಟೆ. ಅಮ್ಮನ ಕೈ, ಗೋಡೆಯ ಸುಣ್ಣ ಹತ್ತಿ ಬೆಳ್ಳಗಾದ ಅವಳ ಬೆರಳುಗಳು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಹೋಗಿ ರಸ್ತೆಯ ಆಚೆ ಬದಿ ಕಲ್ಲಿನ ರಾಶಿಯ ಮೇಲೆ ಕೂತ. ಇಂಜಿನಿಯರಮ್ಮ ಬಂದು, "ಏನು ಮೇಸ್ತ್ರಿ, ಮುಗೀತಾ ನಿಮ್ಮ ಶೌರ್ಯ?" ಎಂದಳು.

ಹಾಗೆ ಒಂಬತ್ತು ಗಂಟೆಯಾಯಿತು, ಹತ್ತಾಯಿತು, ಹನ್ನೊಂದಾಯಿತು. ಬಿಸಿಲು ಏರಿತು. ತಮ್ಮನೂ ಅರವತ್ತಾರರ ಮನುಷ್ಯ. ಎರಡು ಗಂಟೆಗೊಮ್ಮೆ ಒಳಗೆ ಹೋಗಿ ಬರಬೇಕಾದ ಮೂತ್ರದ ತೊಂದರೆ ಅವನಿಗಿತ್ತು, ಅದು ಅಣ್ಣನಿಗೆ ಗೊತ್ತಿತ್ತು. ಹನ್ನೊಂದೂವರೆಗೆ ಕಾರಿನೊಳಗೆ ಅವನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲತೊಡಗಿದ. ಬ್ರೇಕಿನ ಮೇಲಿನ ಕಾಲು ಬದಲಾಯಿಸಿದ. ಹನ್ನೆರಡಕ್ಕೆ ಬಾಗಿಲು ತೆರೆದು, ಯಾರ ಮುಖವನ್ನೂ ನೋಡದೆ, ಒಂದು ಕೈ ಹೊಟ್ಟೆಯ ಕೆಳಗೆ ಇಟ್ಟುಕೊಂಡು ಅವಸರವಾಗಿ ಮನೆಯೊಳಗೆ ಹೋದ. ಇಳಿಜಾರು ಹತ್ತುವಾಗ ಒಮ್ಮೆ ಮುಗ್ಗರಿಸಿ ಗೇಟು ಹಿಡಿದುಕೊಂಡ.

ಆಳುಗಳು ಮೇಸ್ತ್ರಿಯ ಮುಖ ನೋಡಿದರು. ಅವನು ಎದ್ದ.

"ತಳ್ಳಿ," ಎಂದ.

ತಮ್ಮ ಹೊರಗೆ ಬರುವಷ್ಟರಲ್ಲಿ ಕಾರು ರಸ್ತೆಯಲ್ಲಿತ್ತು, ಇಳಿಜಾರಿನ ಮೂಲೆಗೆ ಹಾರೆ ಬಿದ್ದಿತ್ತು. ಅವನು ಗೇಟಿನ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದ. ಕೂಗಾಡುತ್ತಾನೆ ಎಂದು ಎಲ್ಲರೂ ಕಾದರು. "ಇವತ್ತಿಗೆ ನನಗೆ ಅಣ್ಣ ಇಲ್ಲ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ. ಆ ಇಳಿಜಾರನ್ನು ಚಪ್ಪಡಿಯಿಂದ ಮೇಸ್ತ್ರಿ ಬೇರೆಯವರಿಗೆ ಬಿಡದೆ ತಾನೇ ಬಿಡಿಸಿದ. ಸಂಜೆಯಾಗುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ತಿಂಗಳೊಳಗೆ ಫುಟ್‌ಪಾತ್ ಒಂದೇ ಮಟ್ಟಕ್ಕೆ ಬಂತು. ರಸಮಟ್ಟ ಇಟ್ಟು ಇಟ್ಟು ಮೇಸ್ತ್ರಿ ಒಂದೊಂದು ಚಪ್ಪಡಿಯನ್ನೂ ಕೂರಿಸಿದ. ಕಾಂಕ್ರೀಟು ಒಣಗಿದ ದಿನ ಹೆಂಡತಿ ಏನೂ ಹೇಳದೆ ವಾಕರ್ ತೆಗೆದುಕೊಂಡು ಒಳಗಿನ ಮೆಟ್ಟಿಲಿಳಿದು ಹೊರಟಳು. ಅವನು ಹತ್ತು ಹೆಜ್ಜೆ ಹಿಂದೆ ನಡೆದ. ಕಿಟಕಿಗಳ ಪರದೆಗಳು ಸರಿದವು, ಯಾರೂ ಹೊರಗೆ ಬರಲಿಲ್ಲ.

ತಮ್ಮನ ಮನೆಯ ಮುಂದೆ ಬಂದಾಗ ಗೇಟು ತೆರೆದುಕೊಂಡು ಅವಳ ವಾರಗಿತ್ತಿ, ತಮ್ಮನ ಹೆಂಡತಿ, ಹೊರಗೆ ಬಂದಳು. ಕೈಯಲ್ಲಿದ್ದ ಸೋಪಿನ ನೀರಿನ ಬಕೆಟನ್ನು ನಡೆಯುವ ದಾರಿಯ ಮೇಲೆ ಒಂದೇ ಸಲಕ್ಕೆ ಸುರಿದಳು. ನೊರೆ ವಾಕರಿನ ಕಾಲಿನತನಕ ಹರಿದು ಬಂತು.

ಮೇಸ್ತ್ರಿ ಧಾವಿಸಿ ಬಂದ. "ರಸ್ತೆಗಿಳಿದು ದಾಟೋಣ ಬಾ, ನಾನು ಹಿಡ್ಕೋತೀನಿ."

"ಇನ್ನು ರಸ್ತೆಗಿಳಿಯಲ್ಲ," ಎಂದಳು ಹೆಂಡತಿ. "ಒಣಗಲಿ."

ಅಲ್ಲೇ ನಿಂತಳು. ವಾರಗಿತ್ತಿಯ ಮುಖವನ್ನೇ ನೋಡುತ್ತ ನಿಂತಳು. ಮೇಸ್ತ್ರಿ ಮನೆಯಿಂದ ಕುರ್ಚಿ ತಂದ, ಅವಳು ಕೂರಲಿಲ್ಲ. ಮೈಭಾರವನ್ನೆಲ್ಲ ವಾಕರಿನ ಮೇಲೆ ಹಾಕಿದ್ದಳು. ಮಹಡಿಗಳ ಮೇಲೆ, ಗೇಟುಗಳ ಹಿಂದೆ ಒಬ್ಬೊಬ್ಬರಾಗಿ ಜನ ಬಂದು ನಿಂತರು. ಅರ್ಧ ಗಂಟೆ ಹೀಗೇ ಹೋಯಿತು. ವಾರಗಿತ್ತಿ ಒಳಗೆ ಹೋದಳು, ಮತ್ತೆ ಬಂದಳು, ಬಕೆಟನ್ನು ಆ ಕಡೆಯಿಂದ ಈ ಕಡೆಗೆ ಇಟ್ಟಳು. ಕೊನೆಗೆ ಒಂದು ಪೊರಕೆ ತಂದು, ಹಲ್ಲು ಕಡಿಯುತ್ತ, ನೀರನ್ನೆಲ್ಲ ರಸ್ತೆಗೆ ಗುಡಿಸಿದಳು. ಹಳೆಯ ಗೋಣಿಚೀಲವೊಂದನ್ನು ಒದ್ದೆಯ ಮೇಲೆ ಎಸೆದು ಹೋದಳು.

ಹೆಂಡತಿ ಗೋಣಿಯ ಮೇಲೆ ವಾಕರ್ ಊರಿ ದಾಟಿದಳು. ಬೀದಿಯ ತುದಿ ಮುಟ್ಟಿ ತಿರುಗಿ ಬರಲು ಒಂದು ಗಂಟೆ ಹಿಡಿಯಿತು. ಮನೆಗೆ ಬಂದು ಮೆಟ್ಟಿಲ ಪೈಪು ಹಿಡಿದುಕೊಂಡವಳು, "ಹನ್ನೊಂದನೇ ಮನೆ ಹತ್ತಿರ ಒಂದು ಚಪ್ಪಡಿ ಅಲುಗುತ್ತೆ," ಎಂದಳು. ಅವನು ಅದೇ ಗಳಿಗೆಯಲ್ಲಿ ಕರಣೆ ತೆಗೆದುಕೊಂಡು ಹೊರಟ.

ಅದಾದ ಮೇಲೆ ಬೀದಿಗೆ ಒಂದು ವಿಚಿತ್ರ ಕಾದಿತ್ತು. ಮನೆಗಳೊಳಗಿಂದ ವಯಸ್ಸಾದವರು ಹೊರಗೆ ಬರತೊಡಗಿದರು. ಇವರಿನ್ನೂ ಇದ್ದಾರಾ ಎಂದು ಪಕ್ಕದ ಮನೆಯವರೇ ಬೆರಗಾಗುವಂಥವರು ಬಂದರು. ಮಗಳ ಊರಿಗೆ ಹೋಗಿಬಿಟ್ಟಿದ್ದಾನೆ ಎಂದು ಎಲ್ಲರೂ ಅಂದುಕೊಂಡಿದ್ದ ಮೂರನೆಯ ಮನೆಯ ಹಳೆಯ ಅಂಚೆಯವನು ಬಂದ. ಕುರುಡು ಕಣ್ಣಿನ ಒಬ್ಬ ಹೆಂಗಸು ಗೋಡೆ ಸವರಿಕೊಂಡು ಬಂದಳು. ಅವರೇನೂ ನಗುನಗುತ್ತ ಬರಲಿಲ್ಲ. ಸೈಕಲ್ ಅಡ್ಡ ನಿಲ್ಲಿಸಿದವರನ್ನು ಬೈದರು, ಕಸ ಇಟ್ಟವರ ಬಾಗಿಲು ಬಡಿದರು. ತಮ್ಮತಮ್ಮ ಮಕ್ಕಳ ಗೇಟಿನ ಮುಂದೆ ನಿಂತು ಮಕ್ಕಳ ಮೇಲೇ ದೂರು ಹೇಳಿದರು. ಹಲ್ಲಿನ ಡಾಕ್ಟರ ಅಪ್ಪ, ಕ್ಲಿನಿಕ್ಕಿಗೆ ಬರುವ ರೋಗಿಗಳು ಎಂದೂ ಕಂಡಿರದ ತೊಂಬತ್ತರ ಮುದುಕ, ಒಂದು ದಿನ ಮೇಸ್ತ್ರಿಯನ್ನು ಕೋಲಿನಿಂದ ತಡೆದು ನಿಲ್ಲಿಸಿದ.

"ನನ್ನ ಮಗನ ಇಳಿಜಾರು ಒಡೆದೋನು ನೀನೇನಾ?"

"ಹೌದು ಯಜಮಾನ್ರೇ."

"ಕಟ್ಟಿದೋನೂ ನೀನೇ ತಾನೇ?"

"ಹೌದು."

"ಎಂಟು ವರ್ಷ," ಎಂದ ಮುದುಕ. "ಎಂಟು ವರ್ಷ ತಿಂದೆ ನನ್ನದು." ಕೋಲು ಸರಿಸಿ ಮುಂದೆ ಹೋದ.

ಮೇಸ್ತ್ರಿ ಆ ಮಾತನ್ನು ಹೆಂಡತಿಗೆ ಹೇಳಿದ. ಅವಳು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. "ನಿಮ್ಮಮ್ಮನದು ಆರು," ಎಂದಳು.

ಕಾರುಗಳನ್ನೀಗ ದೂರದ ಮೈದಾನದಲ್ಲಿ ನಿಲ್ಲಿಸಬೇಕಾಗಿದ್ದರಿಂದ ತಮ್ಮನೂ ದಿನಾ ಬೆಳಗ್ಗೆ ನಡೆದೇ ಹೋಗುತ್ತಿದ್ದ. ಎದುರಿನಿಂದ ಅಣ್ಣ ಬರುವುದು ಕಂಡರೆ ಕಾಂಪೌಂಡಿನ ಕಡೆ ಮುಖ ತಿರುಗಿಸುತ್ತಿದ್ದ. ಮೇಸ್ತ್ರಿ ರಸ್ತೆಯ ಕಡೆಯ ಅಂಚಿಗೆ ಸರಿದುಕೊಳ್ಳುತ್ತಿದ್ದ. ದಾರಿ ಸಾಕಷ್ಟು ಅಗಲವಿತ್ತು. ಇಬ್ಬರೂ ಒಬ್ಬರನ್ನೊಬ್ಬರು ತಾಕದೆ, ಒಬ್ಬರ ಉಸಿರು ಒಬ್ಬರಿಗೆ ಕೇಳಿಸುತ್ತಿದ್ದರೂ ಒಂದು ಮಾತಿಲ್ಲದೆ, ಹಾದುಹೋಗುತ್ತಿದ್ದರು.